ಹಳತು ಹೊಸತರ ಸಹಪಂಕ್ತಿ

ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದ ನೆಂಟರನ್ನು ಅಲ್ಲಿನ ನಮ್ಮವರು ಎಲ್ಲೆಲ್ಲಿಗೆ ಕರೆದೊಯ್ಯುತ್ತಾರೆ ಎಂಬ ಪಟ್ಟಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. 189 ಮೀಟರ್ ಎತ್ತರದಿಂದ ಎರಡು ಹಂತದಲ್ಲಿ ಬೀಳುವ ಮಲ್ಟ್‌ನೋಮಾ ಜಲಪಾತ ಮೊದಲು. ಬೇಸಿಗೆಯಲ್ಲೂ ನೆತ್ತಿಯ ಹಿಮ ಕರಗದ ಮೌಂಟ್ ಹುಡ್ ಎರಡನೆಯದು. ಆಮೇಲೆ ಪೆಸಿಫಿಕ್ ಕಡಲತೀರ. ಊರಿನ ಪಶ್ಚಿಮಕ್ಕಿರುವ ಹಿಲ್ಸ್‌ಬರೊ, ಬೀವರ್ಟನ್‌ಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆಗಳು ಇರುವುದು ಆ ಕಡೆಗೇ. ನನ್ನ ತಂಗಿಯ ಮಗನ ಮನೆಯೂ ಬೀವರ್ಟನ್‌ನಲ್ಲಿ. ಪಟ್ಟಿಯಲ್ಲಿದ್ದದ್ದೆಲ್ಲ ಮುಗಿದ ಮೇಲೆ, "ಇನ್ನೇನು ನೋಡ್ತೀರಿ ದೊಡ್ಡಮ್ಮ?" ಎಂದು ಕೇಳಿದ. ಪೊವೆಲ್ಸ್ ಅಂದೆ. ನಕ್ಕ. "ಅದು ಪುಸ್ತಕದಂಗಡಿ. ನೋಡೋದೇನಿದೆ ಅಲ್ಲಿ?"

ಕಾರು ಬೇಡ, ರೈಲಲ್ಲೇ ಹೋಗೋಣ ಅಂದೆ. ಬೀವರ್ಟನ್‌ನಿಂದ ಊರೊಳಕ್ಕೆ ಹೋಗುವ ಮ್ಯಾಕ್ಸ್ ರೈಲು ಗುಡ್ಡದ ಹೊಟ್ಟೆ ಸೀಳಿಕೊಂಡು ಹೋಗುತ್ತದೆ. ಆ ಸುರಂಗದ ನಡುವೆ ವಾಷಿಂಗ್ಟನ್ ಪಾರ್ಕ್ ಎಂಬ ನಿಲ್ದಾಣ. ನೆಲದಿಂದ 79 ಮೀಟರ್ ಆಳ. ಸುರಂಗ ತೋಡುವ ಮುನ್ನ ಗುಡ್ಡದಿಂದ ಕೊರೆದು ತೆಗೆದ ಕಲ್ಲಿನ ಉದ್ದನೆಯ ಕಂಬಿಯನ್ನು ಅಲ್ಲಿನ ಗೋಡೆಗೆ ಜೋಡಿಸಿ, ಯಾವ ಪದರ ಯಾವ ಕಾಲದ್ದೆಂದು ಪಕ್ಕದಲ್ಲಿ ಬರೆದಿದ್ದಾರೆ. ಜನ ಅದರತ್ತ ತಿರುಗಿಯೂ ನೋಡದೆ ಲಿಫ್ಟಿನ ಕಡೆ ಓಡುತ್ತಿದ್ದರು. ಅಲ್ಲಿಂದ ಮುಂದೆ ರೈಲು ಬೆಳಕಿಗೆ ಬಂದರೆ ಊರಿನ ಪೇಟೆಯೇ. ಇಳಿದು ಉತ್ತರಕ್ಕೆ ಸ್ವಲ್ಪ ನಡೆದರೆ ಬರ್ನ್‌ಸೈಡ್ ರಸ್ತೆ ಸಿಗುತ್ತದೆ, ರಸ್ತೆಯ ಆಚೆ ಬದಿಗೆ ಪೊವೆಲ್ಸ್.

ಮೊದಲ ನೋಟಕ್ಕೆ ನಿರಾಸೆಯಾಗುವಷ್ಟು ಸಾಧಾರಣ ಕಟ್ಟಡ. ಒಂದು ಕಾಲಕ್ಕೆ ಕಾರು ಮಾರುತ್ತಿದ್ದ ಜಾಗ. ಬೇರೆ ಬೇರೆ ಕಾಲದಲ್ಲಿ ಒಂದಕ್ಕೊಂದು ಅಂಟಿಸಿಕೊಂಡು ಬೆಳೆದ ಕಟ್ಟಡಗಳು ಈಗ 10 ಮತ್ತು 11ನೇ ಅವೆನ್ಯೂಗಳ ನಡುವಿನ ಇಡೀ ಬ್ಲಾಕನ್ನು ತುಂಬಿಕೊಂಡಿವೆ. ಒಳಗೆ ಹೊಕ್ಕವರಿಗೆ ಕಾಗದದ ನಕ್ಷೆ ಸಿಗುತ್ತದೆ. ಪುಸ್ತಕದಂಗಡಿಗೆ ನಕ್ಷೆ ಬೇಕಾಗುವುದು ಏಕೆಂದು ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಕೋಣೆಗಳಿಗೆ ಬಣ್ಣದ ಹೆಸರು: ನೀಲಿಯಲ್ಲಿ ಸಾಹಿತ್ಯ, ಹೊನ್ನಿನಲ್ಲಿ ಪತ್ತೇದಾರಿ ಮತ್ತು ವಿಜ್ಞಾನ ಕಥೆಗಳು, ಗುಲಾಬಿಯಲ್ಲಿ ಮಕ್ಕಳ ಪುಸ್ತಕ, ನೇರಳೆಯಲ್ಲಿ ಚರಿತ್ರೆ. ಹೀಗೆ ಒಂಬತ್ತು ಕೋಣೆ, 3,500ಕ್ಕೂ ಹೆಚ್ಚು ವಿಭಾಗ, ಸುಮಾರು ಹತ್ತು ಲಕ್ಷ ಪುಸ್ತಕ. ಇದು ಅಂಗಡಿಯವರೇ ಕೊಡುವ ಲೆಕ್ಕ. ಹೊಸ ಮತ್ತು ಹಳೆಯ ಪುಸ್ತಕಗಳನ್ನು ಮಾರುವ ಸ್ವತಂತ್ರ ಅಂಗಡಿಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದೆಂದು ಅವರು ಹೇಳಿಕೊಳ್ಳುತ್ತಾರೆ.

ಆದರೆ ನಾನು ಬಂದದ್ದು ಗಾತ್ರ ನೋಡಲಿಕ್ಕಲ್ಲ. ನೀಲಿ ಕೋಣೆಯ ಕಪಾಟುಗಳ ಮುಂದೆ ನಿಂತಾಗ ನೋಡಬೇಕಾದದ್ದು ಸಿಕ್ಕಿತು. ಒಂದೇ ಕಾದಂಬರಿಯ ಐದಾರು ಪ್ರತಿಗಳು ಸಾಲಾಗಿದ್ದವು. ಒಂದು ಪ್ರೆಸ್ಸಿನಿಂದ ಆಗತಾನೆ ಬಂದಂತಿತ್ತು. ಪಕ್ಕದ್ದು ಅದೇ ಮುದ್ರಣವೇ, ಆದರೆ ಬೆನ್ನಿನ ಮೇಲೆ ಯಾರೋ ಮಡಚಿ ಓದಿದ ಗೆರೆಗಳು. ಮೂರನೆಯದು ಮೂವತ್ತು ವರ್ಷದ ಹಿಂದಿನ ಗಟ್ಟಿ ರಟ್ಟಿನ ಪ್ರತಿ, ರಕ್ಷಾಪುಟದ ಅಂಚು ಸವೆದಿತ್ತು. ನಾಲ್ಕನೆಯದು ಜೇಬಿನಲ್ಲಿಟ್ಟುಕೊಳ್ಳುವಂಥ ಅಗ್ಗದ ಪೇಪರ್‌ಬ್ಯಾಕ್, ಹಾಳೆಗಳು ಕಂದಿದ್ದವು. ಪ್ರತಿಯೊಂದಕ್ಕೂ ಬೆಲೆಯ ಚೀಟಿ ಬೇರೆ. ಯಾವುದು ಬಳಸಿದ್ದು, ಯಾವುದು ಹೊಸದು ಎಂದು ಚೀಟಿಯೇ ಹೇಳುತ್ತದೆ. ಕಪಾಟು ಮಾತ್ರ ಹೇಳುವುದಿಲ್ಲ. ಅಲ್ಲಿ ಎಲ್ಲಕ್ಕೂ ಸಹಪಂಕ್ತಿ.

ಇದರಲ್ಲೇನು ದೊಡ್ಡದು ಅನಿಸಬಹುದು. ಪುಸ್ತಕ ವ್ಯಾಪಾರದಲ್ಲಿ ಹಳೇ ಪುಸ್ತಕದವರು ಬೇರೆ, ಹೊಸ ಪುಸ್ತಕದವರು ಬೇರೆ. ಬೀದಿಯೂ ಬೇರೆ, ಗಿರಾಕಿಯೂ ಬೇರೆ. ಅಕಸ್ಮಾತ್ ಎರಡೂ ಒಂದೇ ಅಂಗಡಿಯಲ್ಲಿದ್ದರೆ ಹಳೆಯವಕ್ಕೆ ಹಿಂದಿನ ಮೂಲೆ, ಇಲ್ಲವೇ ನೆಲಮಾಳಿಗೆ, ಇಲ್ಲವೇ ಬಾಗಿಲಾಚೆಯ ತಳ್ಳುಗಾಡಿ. ಒಂದೇ ಕಪಾಟಿನಲ್ಲಿಟ್ಟರೆ ಹೊಸದರ ಪಕ್ಕದಲ್ಲೇ ಅದರ ಅರ್ಧ ಬೆಲೆಯ ಪ್ರತಿ ನಗುತ್ತ ಕೂತಿರುತ್ತದೆ. ತನ್ನ ಹೊಸ ಸರಕಿಗೆ ತಾನೇ ಪೈಪೋಟಿ ಹೂಡುವ ವ್ಯಾಪಾರಿ ಯಾರು?

ಆ ಸಾಲಿನ ಮುಂದೆ ಒಬ್ಬ ಹುಡುಗಿ ಬಹಳ ಹೊತ್ತು ನಿಂತಿದ್ದಳು. ಹೊಸದನ್ನು ಎತ್ತಿ ನೋಡಿ ಇಟ್ಟಳು. ಸವೆದದ್ದನ್ನು ತೆರೆದು ಒಳಪುಟದಲ್ಲಿ ಯಾರೋ ಬರೆದ ಹೆಸರು ಓದಿದಳು. ಕೊನೆಗೆ ಅಗ್ಗದ ಪೇಪರ್‌ಬ್ಯಾಕ್ ತೆಗೆದುಕೊಂಡು, ಉಳಿದ ದುಡ್ಡಿಗಿರಬೇಕು, ಕೆಳಗಿನ ಸಾಲಿನಿಂದ ಇನ್ನೊಬ್ಬ ಲೇಖಕಿಯ ಹೊಸ ಪುಸ್ತಕವನ್ನೂ ಎತ್ತಿಕೊಂಡಳು. ಪೈಪೋಟಿಯ ಪ್ರಶ್ನೆಗೆ ಉತ್ತರದ ಒಂದು ಪಾಲು ಅಲ್ಲೇ ಇತ್ತು.

ಈ ಪದ್ಧತಿ ಹುಟ್ಟಿದ್ದು ಒಂದು ತಲೆಕೆಳಗಾದ ವಂಶಾವಳಿಯಿಂದ. ಅಪ್ಪನ ಅಂಗಡಿ ಮಗನಿಗೆ ಬರುವುದು ಲೋಕರೂಢಿ. ಇಲ್ಲಿ ಮಗನ ಕಸುಬನ್ನು ಅಪ್ಪ ಕಲಿತ. 1970ರಲ್ಲಿ ಮೈಕಲ್ ಪೊವೆಲ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ಗೆಳೆಯರೂ ಅಧ್ಯಾಪಕರೂ ಹುರಿದುಂಬಿಸಿದರೆಂದು, 3,000 ಡಾಲರ್ ಸಾಲ ಮಾಡಿ, ಒಂದು ಪುಸ್ತಕದಂಗಡಿಯ ಬಾಡಿಗೆ ಕರಾರನ್ನು ವಹಿಸಿಕೊಂಡ. ಹುರಿದುಂಬಿಸಿದವರಲ್ಲಿ ಮುಂದೆ ನೊಬೆಲ್ ಪಡೆದ ಕಾದಂಬರಿಕಾರ ಸಾಲ್ ಬೆಲೊ ಒಬ್ಬರು. ಸಾಲ ಎರಡೇ ತಿಂಗಳಲ್ಲಿ ತೀರಿತಂತೆ. ನಮ್ಮ ಎ.ಕೆ. ರಾಮಾನುಜನ್ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ, ವಚನಗಳನ್ನು ಇಂಗ್ಲಿಷಿಗೆ ತರುತ್ತಿದ್ದ ವರ್ಷಗಳು ಅವು. ಅವರ ಅನುವಾದದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪೆಂಗ್ವಿನ್‌ನಿಂದ ಬಂತು. ಅಗ್ಗದ ಪೇಪರ್‌ಬ್ಯಾಕ್ ಆಗಿ ಬಂದದ್ದರಿಂದಲೇ ಅದು ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟುತ್ತ ಅಮೆರಿಕದ ಹಳೇ ಪುಸ್ತಕದಂಗಡಿಗಳ ಕಾಯಂ ನಿವಾಸಿಯಾಗಿರಬೇಕು.

ಮೈಕಲ್‌ನ ಅಪ್ಪ ವಾಲ್ಟರ್, ಪೋರ್ಟ್‌ಲ್ಯಾಂಡಿನಲ್ಲಿ ಮನೆಗಳಿಗೆ ಬಣ್ಣ ಹೊಡೆಸುವ ಗುತ್ತಿಗೆದಾರನಾಗಿದ್ದು ನಿವೃತ್ತನಾದವನು. ಒಂದು ಬೇಸಿಗೆ ಮಗನ ಅಂಗಡಿಯಲ್ಲಿ ಕೈಜೋಡಿಸಲು ಷಿಕಾಗೊಗೆ ಹೋದ. ಕೆಲಸ ಎಷ್ಟು ಹಿಡಿಸಿತೆಂದರೆ ಊರಿಗೆ ಮರಳಿದವನೇ 1971ರಲ್ಲಿ ತನ್ನದೇ ಹಳೇ ಪುಸ್ತಕದಂಗಡಿ ತೆರೆದ. ಮಾರಾಟವಾದೀತು ಅನಿಸಿದ ಯಾವ ಪುಸ್ತಕ ಬಂದರೂ ಬೇಡ ಅನ್ನುವ ಅಭ್ಯಾಸ ಅವನಿಗಿರಲಿಲ್ಲ. ಅಂಗಡಿ ತುಂಬಿ ಹೊರಚೆಲ್ಲಿತು. 1979ರ ಹೊತ್ತಿಗೆ ಮಗನೂ ಪೋರ್ಟ್‌ಲ್ಯಾಂಡಿಗೆ ಬಂದು ಸೇರಿಕೊಂಡ. ಬಾಡಿಗೆ ಕರಾರು ಮುಂದುವರಿಯದೆ ಹೊಸ ಜಾಗ ಹುಡುಕಬೇಕಾಗಿ ಬಂದು, ಈ ಬರ್ನ್‌ಸೈಡ್ ಮೂಲೆಗೆ ಬಂದರು. ಹೊಸದು, ಹಳೆಯದು, ಗಟ್ಟಿ ರಟ್ಟು, ಮೆದು ರಟ್ಟು ಎಲ್ಲವೂ ಒಂದೇ ಕಪಾಟಿನಲ್ಲಿ, ವರ್ಷದ 365 ದಿನವೂ ಬಾಗಿಲು ತೆರೆದು, ಪುಸ್ತಕ ಬಲ್ಲವರೇ ಗಲ್ಲಾ ಮತ್ತು ಕಪಾಟುಗಳನ್ನು ನೋಡಿಕೊಳ್ಳುತ್ತ ನಡೆದ ವ್ಯಾಪಾರ. 1982ರಲ್ಲಿ ಮಗ ಅಪ್ಪನಿಂದ ಅಂಗಡಿ ಕೊಂಡ. 1985ರಲ್ಲಿ ಅಪ್ಪ ತೀರಿಕೊಂಡ. 2010ರಲ್ಲಿ ಮೊಮ್ಮಗಳು ಎಮಿಲಿ ಪೊವೆಲ್ ಉಸ್ತುವಾರಿ ವಹಿಸಿಕೊಂಡಳು.

ಅಪ್ಪ ಮಗನ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಲ್ಟರ್. ಗೋಡೆಗೆ ಬಣ್ಣ ಬಳಿಸಿ ಬದುಕಿದವನಿಗೆ ಹಳತನ್ನು ಹೊಸತರ ಎದುರು ಕೀಳೆಂದು ನೋಡುವ ಚಾಳಿ ಇರಲಿಲ್ಲವೇನೋ. ಗಟ್ಟಿ ಗೋಡೆಯಾದರೆ ಮೇಲಿನ ಬಣ್ಣ ಎರಡನೆಯ ಮಾತು. ಇದು ನನ್ನ ಊಹೆ ಅಷ್ಟೆ. ಆದರೆ ವಿಶ್ವವಿದ್ಯಾಲಯದಲ್ಲಿ ಓದಿದವನೊಬ್ಬ ಮಾತ್ರ ಕಟ್ಟಿದ ಅಂಗಡಿಯಾಗಿದ್ದರೆ ಅದು ಆಯ್ದ ಪುಸ್ತಕಗಳ ಚಂದದ ಮಳಿಗೆಯಾಗುತ್ತಿತ್ತು. ತಂದದ್ದನ್ನೆಲ್ಲ ಕೊಳ್ಳುವ ಮುದುಕನೊಬ್ಬ ಸೇರಿದ್ದರಿಂದ ಇದು ಊರಿನ ಅಂಗಡಿಯಾಯಿತು.

ವ್ಯಾಪಾರದ ಲೆಕ್ಕವೂ ಇದಕ್ಕೆ ಒಪ್ಪುತ್ತದೆ. ಹೊಸ ಪುಸ್ತಕದಲ್ಲಿ ಅಂಗಡಿಗೆ ಉಳಿಯುವುದು ಮುದ್ರಿತ ಬೆಲೆಯ ಶೇ 40ರ ಆಸುಪಾಸು. ಅದರಲ್ಲೇ ಬಾಡಿಗೆ, ಸಂಬಳ, ವಿದ್ಯುತ್ತು. ಬೆಲೆಯನ್ನು ಪ್ರಕಾಶಕ ಮೊದಲೇ ರಕ್ಷಾಪುಟದ ಮೇಲೆ ಅಚ್ಚು ಹಾಕಿರುತ್ತಾನೆ. ಅದಕ್ಕಿಂತ ಹೆಚ್ಚಿಗೆ ಮಾರುವುದು ಅಂಗಡಿಯವನ ಕೈಯಲ್ಲಿಲ್ಲ. ಒಂದು ನೆಮ್ಮದಿಯೆಂದರೆ ಮಾರಾಟವಾಗದ್ದನ್ನು ಪ್ರಕಾಶಕನಿಗೆ ವಾಪಸು ಕಳಿಸಬಹುದು. ಹಳೇ ಪುಸ್ತಕದ್ದು ಇದಕ್ಕೆ ಪೂರ್ತಿ ವಿರುದ್ಧ. ಎಷ್ಟಕ್ಕೆ ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು ಎಂಬುದು ಅಂಗಡಿಯವನ ತಿಳಿವಳಿಕೆಗೆ ಬಿಟ್ಟದ್ದು. ಲಾಭ ಹೆಚ್ಚು, ಆದರೆ ತಪ್ಪಿ ಕೊಂಡರೆ ವಾಪಸು ಮಾಡಲು ಯಾರೂ ಇಲ್ಲ. ಅದು ಕಪಾಟಿನಲ್ಲೇ ಕೂತು ಜಾಗ ತಿನ್ನುತ್ತದೆ. ಹೊಸ ಪುಸ್ತಕ ಜನರನ್ನು ಒಳಗೆ ಕರೆಯುತ್ತದೆ, ಹಳೇ ಪುಸ್ತಕ ಬಾಡಿಗೆ ಕಟ್ಟುತ್ತದೆ.

ಇದಕ್ಕೆಲ್ಲ ತಳಪಾಯವಾಗಿ ಒಂದು ಕಾನೂನಿದೆ. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಒಂದು ಕಾದಂಬರಿಯ ಒಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸಿಸ್ ಮಳಿಗೆಯನ್ನು ನಡೆಸುತ್ತಿದ್ದ ಸ್ಟ್ರೌಸ್ ಸೋದರರು ಅದನ್ನು 89 ಸೆಂಟಿಗೆ ಮಾರಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1908ರಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಅದು ಮುಂದೆ ಯಾರಿಗೆ, ಎಷ್ಟಕ್ಕೆ ಹೋಗಬೇಕೆಂದು ಹೇಳುವ ಅಧಿಕಾರ ಪ್ರಕಾಶಕನಿಗಿಲ್ಲ. ಬರಹದ ಹಕ್ಕು ಲೇಖಕರದ್ದೇ, ಪ್ರತಿ ಮಾತ್ರ ಕೊಂಡವನದ್ದು. ಹಳೇ ಪುಸ್ತಕದಂಗಡಿಗಳೆಲ್ಲ ನಿಂತಿರುವುದು ಈ ಗೆರೆಯ ಮೇಲೆ. ಗೆದ್ದ ಸೋದರರಲ್ಲಿ ಹಿರಿಯರಾದ ಇಸಿಡೋರ್ ಸ್ಟ್ರೌಸ್ 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದರು. ತೀರ್ಪು ಇನ್ನೂ ತೇಲುತ್ತಿದೆ.

2013ರಲ್ಲಿ ಅದೇ ಗೆರೆ ಮತ್ತೆ ಪರೀಕ್ಷೆಗೆ ಒಳಗಾಯಿತು. ಕಾರ್ನೆಲ್‌ನಲ್ಲಿ ಓದುತ್ತಿದ್ದ ಥಾಯ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ದೇಶದಲ್ಲಿ ಸಿಗುವ ಅಗ್ಗದ ಪಠ್ಯಪುಸ್ತಕಗಳನ್ನು ಮನೆಯವರಿಂದ ತರಿಸಿ ಅಮೆರಿಕದಲ್ಲಿ ಮಾರುತ್ತಿದ್ದ. ವೈಲಿ ಎಂಬ ಪ್ರಕಾಶನ ಸಂಸ್ಥೆ ದಾವೆ ಹೂಡಿತು. ಬೇರೆ ದೇಶದಲ್ಲಿ ಅಚ್ಚಾದ ಪ್ರತಿಗೂ ಅದೇ ನಿಯಮವೆಂದು ಆರು–ಮೂರರ ಬಹುಮತದಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಎಂಜಿನಿಯರಿಂಗ್ ಹುಡುಗರು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದ, ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಮುದ್ರೆಯ ಪುಸ್ತಕಗಳು ಎಷ್ಟಿಲ್ಲ! ಇ-ಪುಸ್ತಕಕ್ಕೆ ಮಾತ್ರ ಈ ಸ್ವಾತಂತ್ರ್ಯ ಇಲ್ಲ. ಅಲ್ಲಿ ನಾವು ದುಡ್ಡು ಕೊಡುವುದು ಓದಲು ಸಿಗುವ ಪರವಾನಗಿಗೆ. ಅದನ್ನು ಮಾರುವಂತಿಲ್ಲ, ಮಗಳಿಗೆ ಬಿಟ್ಟುಹೋಗುವುದೂ ಕಷ್ಟ.

ಪೊವೆಲ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಂತದ್ದು ಪುಸ್ತಕ ಕೊಳ್ಳುವ ಕಟ್ಟೆಯ ಬಳಿ. ಕೊಳ್ಳುವವರು ಅಂಗಡಿಯವರು, ಮಾರುವವರು ಊರಿನವರು. ದಿನಕ್ಕೆ ಸುಮಾರು 3,000 ಹಳೇ ಪುಸ್ತಕ ಕೊಳ್ಳುತ್ತೇವೆಂದು ಅಂಗಡಿ ಹೇಳಿಕೊಂಡು ಬಂದಿದೆ. ಜನ ಬಂದು ನಿಲ್ಲುವ ಬಗೆ ನೋಡಬೇಕು. ಮನೆ ಬದಲಾಯಿಸುತ್ತಿದ್ದ ಜೋಡಿ ರಟ್ಟಿನ ಡಬ್ಬ ತುಂಬ ಅಡುಗೆ ಪುಸ್ತಕ ತಂದಿತ್ತು. ಹಿರಿಯರೊಬ್ಬರು ಚಕ್ರದ ಸೂಟ್‌ಕೇಸ್ ತೆರೆದರೆ ಒಳಗೆಲ್ಲ ಯುದ್ಧದ ಚರಿತ್ರೆ. ಕಟ್ಟೆಯ ಹಿಂದಿನ ಹೆಂಗಸು ಪುಸ್ತಕಗಳನ್ನು ಇಸ್ಪೀಟು ಕಲಸುವ ವೇಗದಲ್ಲಿ ತಿರುವಿ ಹಾಕುತ್ತಿದ್ದಳು: ಮುದ್ರಣದ ವರ್ಷ, ಬೆನ್ನಿನ ಬಿಗಿ, ಒಳಗೆ ಗೀಚಿದ್ದಾರೆಯೇ, ನೀರು ಬಿದ್ದಿದೆಯೇ, ಅಂಗಡಿಯಲ್ಲಿ ಈಗಾಗಲೇ ಎಷ್ಟು ಪ್ರತಿ ಇದೆ. ಎರಡು ರಾಶಿ ಬೆಳೆಯಿತು. ಬೇಡವಾದ ರಾಶಿಯಲ್ಲಿ ಹಳೆಯ ವಿಶ್ವಕೋಶದ ಸಂಪುಟಗಳು, ಕಾಲ ಮೀರಿದ ಕಂಪ್ಯೂಟರ್ ಕೈಪಿಡಿಗಳು, ಒಂದು ಕಾಲಕ್ಕೆ ಎಲ್ಲರೂ ಓದಿ ಈಗ ಎಲ್ಲರ ಮನೆಯಲ್ಲೂ ಇರುವ ಕಾದಂಬರಿ. ಬೇಕಾದ ರಾಶಿಗೆ ಬೆಲೆ ಹೇಳಿದಳು. ನಗದು ಬೇಕಾದರೆ ಇಷ್ಟು, ಅಂಗಡಿಯಲ್ಲೇ ಪುಸ್ತಕ ಕೊಳ್ಳುವುದಾದರೆ ಅದಕ್ಕಿಂತ ಹೆಚ್ಚು.

ಹಿರಿಯರ ಸೂಟ್‌ಕೇಸಿನ ಅರ್ಧದಷ್ಟು ವಾಪಸು ಬಂತು. ಮುಖದಲ್ಲಿ ಬೇಸರ ಕಂಡಿತು, ಕಾಣದೇ ಇರುತ್ತದೆಯೇ? ತಾನು ಕಾಪಾಡಿಕೊಂಡು ಬಂದದ್ದು ಯಾರಿಗೂ ಬೇಡ ಎಂದು ಕೇಳುವುದು ಸುಲಭವಲ್ಲ. ಆದರೂ ನಗದು ಕೇಳಲಿಲ್ಲ ಅವರು. ಪುಸ್ತಕಕ್ಕೆ ಸಲ್ಲುವ ಚೀಟಿ ಮಾಡಿಸಿಕೊಂಡು ನೇರ ಮಹಡಿ ಹತ್ತಿದರು.

ಲೇಖಕರ ಪಾಲಿಗೆ ಇದರಲ್ಲಿ ಅನ್ಯಾಯವಿದೆಯಲ್ಲ ಎಂದು ತಂಗಿಯ ಮಗ ತಕರಾರೆತ್ತಿದ. "ಎರಡನೇ ಸಲ ಮಾರಿದಾಗ ಅವರಿಗೆ ಒಂದು ಕಾಸೂ ಬರಲ್ಲ ದೊಡ್ಡಮ್ಮ." ನಿಜ, ಬರುವುದಿಲ್ಲ. ಎಷ್ಟೋ ಲೇಖಕರು ಇದನ್ನು ಗೊಣಗುತ್ತಾರೆ, ಅವರ ಗೊಣಗಾಟದಲ್ಲಿ ಹುರುಳೂ ಇದೆ. ಆದರೆ ಆ ಹಿರಿಯರು ಹಿಡಿದು ಹತ್ತಿದ ಚೀಟಿ ಯಾವುದೋ ಹೊಸ ಪುಸ್ತಕದ ಬೆಲೆಯಾಗಿ ಒಬ್ಬ ಲೇಖಕನನ್ನು ತಲುಪಿರಬಹುದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಚ್ಚಿನಲ್ಲಿಲ್ಲದ ಪುಸ್ತಕದ ಲೇಖಕರಿಗೆ ಗೌರವಧನ ಹೇಗೂ ಇಲ್ಲ. ಓದುಗರಾದರೂ ಸಿಗುವುದು ಈ ಕಟ್ಟೆಯ ಮೂಲಕವೇ.

11ನೇ ಅವೆನ್ಯೂ ಕಡೆಯ ಬಾಗಿಲಲ್ಲಿ ಒಂದು ಕಲ್ಲಿನ ಕಂಬವಿದೆ. ದೊಡ್ಡ ದೊಡ್ಡ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಮರಳುಗಲ್ಲಿನಲ್ಲಿ ಕೆತ್ತಿದ್ದಾರೆ. ಜಗತ್ತಿನ ಮಹಾಗ್ರಂಥಗಳ ಆ ಪೇರಿಕೆಯಲ್ಲಿ ನಮ್ಮ ಮಹಾಭಾರತಕ್ಕೂ ಜಾಗ ಸಿಕ್ಕಿದೆ. ಬುಡದಲ್ಲಿ ಲ್ಯಾಟಿನ್ ಬರಹ. ಅದರ ಅರ್ಥ ಹೀಗೆ: ಪುಸ್ತಕ ಕೊಳ್ಳು, ಓದು, ಸವಿ, ಆಮೇಲೆ ಮಾರು. ಮೊದಲ ಮೂರು ಆಜ್ಞೆಗಳನ್ನು ಜಗತ್ತಿನ ಯಾವ ಪುಸ್ತಕದಂಗಡಿಯಾದರೂ ಗೋಡೆಗೆ ಹಾಕಿಕೊಂಡೀತು. ಕೊನೆಯದನ್ನು ಕಲ್ಲಿನಲ್ಲಿ ಕೆತ್ತಿಸಲು ವಾಲ್ಟರನ ಮನೆಯವರೇ ಬೇಕು.

ನನಗೆ ಕಸಿವಿಸಿಯಾದದ್ದು ಆ ಕೊನೆಯದರಿಂದಲೇ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದವರು ನಾವು. ನವರಾತ್ರಿಯಲ್ಲಿ ಸರಸ್ವತಿಯೆಂದು ಪೇರಿಸಿ ಪೂಜೆ ಮಾಡಿದ್ದನ್ನು ದುಡ್ಡಿಗೆ ಕೊಡುವುದು ಹೇಗೆ? ಕೊಡುವುದಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಗೆದ್ದಲು ಬರುತ್ತದೆ, ಬೆಳ್ಳಿಹುಳ ಬರುತ್ತದೆ, ಮಳೆಗಾಲದ ತೇವ ಬರುತ್ತದೆ. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುವಾಗ ರದ್ದಿಯವನು ಬರುತ್ತಾನೆ. ಅವನ ತಕ್ಕಡಿಯಲ್ಲಿ ಪಂಪನೂ ಪಂಚಾಂಗವೂ ಒಂದೇ ತೂಕ. ಮಾರಬಾರದೆಂಬ ಭಕ್ತಿಯಿಂದ ಕಾಪಾಡಿದ್ದು ಕೊನೆಗೆ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ವ್ಯತ್ಯಾಸವೆಂದರೆ, ಅದನ್ನು ಕೊಂಡವನು ಓದುಗನಲ್ಲ.

ಹಾಗೆಂದು ಪೊವೆಲ್ಸನ್ನು ಗುಡಿ ಮಾಡಿ ಕೈಮುಗಿಯಬೇಕಿಲ್ಲ. ಅದೂ ಒಂದು ವ್ಯಾಪಾರ, ಅಲ್ಲೂ ಯಜಮಾನರು ಮತ್ತು ನೌಕರರು ಇದ್ದಾರೆ. 1999ರಲ್ಲಿ ಅಲ್ಲಿನ ಕೆಲಸಗಾರರು ಮತ ಹಾಕಿ ಸಂಘ ಕಟ್ಟಿಕೊಂಡರು. ಸೇರಿದ್ದು ಬಂದರು ಮತ್ತು ಗೋದಾಮು ಕಾರ್ಮಿಕರ ಒಕ್ಕೂಟಕ್ಕೆ. ಹಡಗಿನಿಂದ ಮೂಟೆ ಇಳಿಸುವವರೂ ಕವಿತೆಯ ಕಪಾಟು ಜೋಡಿಸುವವರೂ ಒಂದೇ ಬಾವುಟದಡಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅಂಗಡಿಗಳಿಗೆ ಬೀಗ ಬಿತ್ತು, ನೌಕರರಲ್ಲಿ ಬಹುಪಾಲು ಜನ ಮನೆಗೆ ಹೋಗಬೇಕಾಯಿತು. ಅದಾದ ಮೇಲೆ ಅಂತರ್ಜಾಲದ ಮೂಲಕ ಪುಸ್ತಕ ಬೇಕೆಂಬ ಬೇಡಿಕೆ ನುಗ್ಗಿ ಬಂದು ನೂರಕ್ಕೂ ಹೆಚ್ಚು ಜನರನ್ನು ಕೆಲವೇ ವಾರಗಳಲ್ಲಿ ಮರಳಿ ಕರೆಸಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ, ಇನ್ನು ಮುಂದೆ ಅಮೆಜಾನ್ ಮೂಲಕ ಪುಸ್ತಕ ಮಾರುವುದಿಲ್ಲವೆಂದು ಎಮಿಲಿ ಪೊವೆಲ್ ಪ್ರಕಟಿಸಿದಳು. 2023ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಕಾರ್ಮಿಕರ ದಿನದಂದೇ, ಸಂಬಳದ ಮಾತುಕತೆ ಬಗೆಹರಿಯದೆ ನೌಕರರು ಒಂದು ದಿನದ ಮುಷ್ಕರ ಹೂಡಿದರು. ಮೂರು ತಲೆಮಾರಿನ ಮನೆತನದ ಅಂಗಡಿ ಎಂದ ಮಾತ್ರಕ್ಕೆ ಸಂಬಳದ ಜಗಳ ತಪ್ಪುವುದಿಲ್ಲ. ಕಟ್ಟೆಯ ಹಿಂದೆ ನಿಂತು ಪುಸ್ತಕದ ಬೆನ್ನು ಮುಟ್ಟಿಯೇ ಬೆಲೆ ಹೇಳುವ ತಿಳಿವಳಿಕೆಗೂ ಒಂದು ಬೆಲೆ ಇದೆಯಲ್ಲ?

ಆ ತಿಳಿವಳಿಕೆ ನಮ್ಮಲ್ಲಿ ಇಲ್ಲವೆಂದಲ್ಲ. ಪೊವೆಲ್ಸ್ ಪೋರ್ಟ್‌ಲ್ಯಾಂಡಿನಲ್ಲಿ ಬಾಗಿಲು ತೆರೆದ 1971ರಲ್ಲೇ ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ ಶುರುವಾಯಿತು. ಅವರಿಗೂ ಕಸುಬು ಮನೆತನದ್ದೇ. ಮುಂಬೈಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಕಟ್ಟಿದ ಟಿ.ಎನ್. ಶಾನಭಾಗರು ಅವರ ಚಿಕ್ಕಪ್ಪನ ಸಾಲಿನವರು. ಇಕ್ಕಟ್ಟಾದ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿದ ಪುಸ್ತಕದ ಗುಡ್ಡಗಳಲ್ಲಿ ಯಾವುದು ಎಲ್ಲಿದೆಯೆಂದು ಶಾನಭಾಗರಿಗೆ ಬಾಯಿಪಾಠ. 2009ರಲ್ಲಿ ಆ ಅಂಗಡಿ ಮುಚ್ಚಿತು. ಹಳೇ ಪುಸ್ತಕಗಳ ಕಡೆ ಬಂದರೆ 1945ರಲ್ಲಿ ಕೆ.ಬಿ.ಕೆ. ರಾವ್ ತೆರೆದ ಸೆಲೆಕ್ಟ್ ಬುಕ್‌ಶಾಪ್ ಇದೆ. ಬ್ರಿಗೇಡ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಅದನ್ನು ನಡೆಸಿಕೊಂಡು ಬಂದವರು ಅವರ ಮಗ, ವಿಮಾನ ಎಂಜಿನಿಯರ್ ಆಗಿದ್ದ ಕೆ.ಕೆ.ಎಸ್. ಮೂರ್ತಿ. ಎಂಜಿನಿಯರಿಂಗ್ ಓದುತ್ತಿದ್ದಾಗ ಎಂ.ಜಿ. ರಸ್ತೆಯ ಕಾಲುದಾರಿಯಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂತಿದ್ದ ಮಾಯಿಗೌಡರು ಮುಂದೆ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಕಟ್ಟಿದರು. ಹೊಸದೂ ಹಳೆಯದೂ ಒಂದೇ ಸೂರಿನಡಿ ಇರುವ ಅಂಗಡಿ ಅದು. ಅಲ್ಲಿನ ಹಳೇ ಪುಸ್ತಕ ಕೊಂಡವರು ಓದಿ ಮುಗಿಸಿ ಅಲ್ಲಿಗೇ ತಂದು ಮಾರುವುದೂ ಉಂಟು.

ಆದರೆ ಈ ಎಲ್ಲ ಅಂಗಡಿಗಳ ಜೀವಾಳ ಇಂಗ್ಲಿಷ್ ಪುಸ್ತಕ. ಹಳೇ ಕನ್ನಡ ಪುಸ್ತಕ ಬೇಕಾದವರು ಅವೆನ್ಯೂ ರಸ್ತೆಯಲ್ಲಿ ಪರೀಕ್ಷೆಯ ಗೈಡುಗಳ ನಡುವೆ ತಡಕಬೇಕು, ಇಲ್ಲವೇ ಯಾರದೋ ಗುರುತು ಹಿಡಿದು ಯಾರದೋ ಮನೆಗೆ ಹೋಗಬೇಕು. ಕನ್ನಡದಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಅಚ್ಚಾಗುವುದೇ ಸಾವಿರ ಪ್ರತಿ. ಅದರಲ್ಲೂ ಗ್ರಂಥಾಲಯಗಳ ಸಗಟು ಖರೀದಿಗೆ ಹೋಗುವುದು ಕೆಲವಷ್ಟು. ಮರುಮುದ್ರಣದ ಭಾಗ್ಯ ಹೆಸರಾಂತರಿಗೆ ಮಾತ್ರ. ಉಳಿದವು ಒಂದು ಸಲ ಖಾಲಿಯಾದರೆ ಮುಗಿಯಿತು. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಅಚ್ಚಾದ ಕಾದಂಬರಿಯ ಹಳೇ ಪ್ರತಿ ಪೊವೆಲ್ಸ್‌ನಲ್ಲಿ ಸಿಗದಿದ್ದರೆ ಇನ್ನೊಂದು ಕಡೆ ಸಿಗುತ್ತದೆ. ಸಾವಿರವೇ ಪ್ರತಿ ಇರುವ ನುಡಿಗೆ ಒಂದೊಂದು ಹಳೇ ಪ್ರತಿಯೂ ತಿರುಗಾಡುತ್ತಿರಬೇಕು. ಹಳತನ್ನೂ ಹೊಸತನ್ನೂ ಒಂದೇ ಕಪಾಟಿನಲ್ಲಿ ಇಡುವ ಅಂಗಡಿ ಪೋರ್ಟ್‌ಲ್ಯಾಂಡಿಗಿಂತ ಹೆಚ್ಚಾಗಿ ಬೇಕಿರುವುದು ನಮಗೆ.

ಪುಸ್ತಕಗಳ ಚೀಲ ಹಿಡಿದು ಟ್ರಾಮಿಗೆ ಕಾಯುತ್ತಿದ್ದಾಗ ತಂಗಿಯ ಮಗ ನೇರವಾಗಿಯೇ ಕೇಳಿದ: "ಮೈಸೂರಿನ ನಿಮ್ಮ ಬೀರು ತುಂಬ ಇರೋದನ್ನ ಮಾರ್ತೀರಾ ದೊಡ್ಡಮ್ಮ?"

"ಎಲ್ಲ ಅಲ್ಲ ಕಣೋ. ಮತ್ತೆ ಓದ್ತೀನಿ ಅನ್ನಿಸೋದನ್ನ ಇಟ್ಕೋತೀನಿ. ನಿಮ್ಮ ತಾತ ಕೊಟ್ಟಿದ್ದನ್ನ ಇಟ್ಕೋತೀನಿ. ಅರ್ಧಕ್ಕೂ ಹೆಚ್ಚು ಹಾಗೇ ಕೂತಿದೆ."

"ಯಾರು ಕೊಳ್ತಾರೆ?"

"ಓದೋರಿದ್ದಾರೆ. ಅವರಿಗೂ ನನಗೂ ನಡುವೆ ಒಂದು ಕಟ್ಟೆ ಇಲ್ಲ, ಅಷ್ಟೇ."

ಹತ್ತು ಲಕ್ಷ ಪುಸ್ತಕದ ಅಂಗಡಿ ನಮಗೆ ಬೇಕಿಲ್ಲ. ಜಿಲ್ಲೆಗೊಂದರಂತೆ ಈಗಾಗಲೇ ಇರುವ ಕನ್ನಡ ಪುಸ್ತಕದಂಗಡಿಗಳಲ್ಲಿ ವಾರಕ್ಕೊಂದು ದಿನ ಒಂದು ಮೇಜು, ಅದರ ಹಿಂದೆ ಪುಸ್ತಕದ ಬೆಲೆ ಬಲ್ಲ ಒಬ್ಬರು, ನಗದಿನ ಬದಲು ಪುಸ್ತಕ ಕೊಳ್ಳಲು ಸಲ್ಲುವ ಒಂದು ಚೀಟಿ, ಕೊಂಡದ್ದನ್ನು ಹೊಸದರ ಪಕ್ಕದಲ್ಲೇ ಇಡುವ ಧೈರ್ಯ. ಇಷ್ಟು ಅಂಗಡಿಯವರು ಮಾಡಬೇಕಾದದ್ದು. ನಾವು ಮಾಡಬೇಕಾದದ್ದು ಬೀರುವಿನ ಬೀಗ ತೆಗೆಯುವುದು, ಬದುಕಿರುವಾಗಲೇ. ಕನ್ನಡ ಪುಸ್ತಕ ಕೊಳ್ಳುವವರಿಲ್ಲವೆಂದು ಪ್ರತಿ ಸಾಹಿತ್ಯ ಸಮ್ಮೇಳನದಲ್ಲೂ ಕಣ್ಣೀರು ಹಾಕುತ್ತೇವೆ. ಮಾರುವ ಓದುಗರಿಲ್ಲ ಎಂಬುದರ ಬಗ್ಗೆಯೂ ಒಂದು ಗೋಷ್ಠಿ ನಡೆಯಲಿ.